ಬಂದಾರು ಎಂಬ ಕ್ರಿಯಾಪದ

ನಮ್ಮ ಊರಿನ ಬಂದರಿನಿಂದ ಉತ್ತರಕ್ಕೆ ನೋಡಿದರೆ ಕಡಲಿನಲ್ಲಿ ಒಂದು ಸೀಳು ಕಾಣುತ್ತದೆ. ಎರಡು ಬದಿಗೂ ನೀರು ಗೋಡೆಯಂತೆ ನಿಂತಿದೆ. ನಡುವೆ ಹಡಗೊಂದು ಹಾಯುವಷ್ಟು ಅಗಲಕ್ಕೆ ತಳದ ಮರಳು ಬಿಸಿಲಿಗೆ ಒಣಗಿ ಬಿದ್ದಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮ ದಂಡು ಹೋದ ದಾರಿ ಅದು. ಉತ್ತರದ ನಾಡಿನಲ್ಲಿ ನೆರೆ ಬಂದಿತ್ತು. ಆ ನಾಡಿನವರು ಕರೆಯಲಿಲ್ಲ. ಆದರೂ ನಮ್ಮವರು ಅಕ್ಕಿಯ ಮೂಟೆಗಳ ಪಕ್ಕದಲ್ಲಿ ತುಪಾಕಿಗಳನ್ನೂ ಹೇರಿಕೊಂಡು ಉಪಕಾರಕ್ಕೆಂದು ಹೊರಟರು. ಹೊರಟವರು ಒಂಬತ್ತು ವರ್ಷ ಅಲ್ಲಿಯೇ ಉಳಿದರು. ಕರೆಯದೆ ಹೋದ ದಂಡಿನ ಹಿಂದೆ ನಮ್ಮ ಕಡಲು ಮುಚ್ಚಿಕೊಳ್ಳುವುದಿಲ್ಲ. ಬೆಸ್ತರು ಆ ಸೀಳನ್ನು ಸುತ್ತಿಕೊಂಡೇ ಬಲೆಗೆ ಹೋಗುತ್ತಾರೆ. ಉತ್ತರದ ಕೇರಿಗೆ ಸೊಸೆಯಾಗಿ ಬರುವವರನ್ನು ಅದರ ಅಂಚಿನ ತನಕ ದೋಣಿಯಲ್ಲಿ ತಂದು, ಏಣಿಯಲ್ಲಿ ಇಳಿಸಿ, ಮರಳಿನ ಮೇಲೆ ನಡೆಸಿ, ಆಚೆ ಬದಿಯ ಏಣಿಯಿಂದ ಹತ್ತಿಸಿಕೊಳ್ಳುತ್ತಾರೆ. ನೀರಿನ ಗೋಡೆಯಿಂದ ಎಡವಿ ಬಿದ್ದ ಮೀನುಗಳನ್ನು ಹೆಂಗಸರು ಬುಟ್ಟಿಯಲ್ಲಿ ಆಯ್ದು ತರುತ್ತಾರಂತೆ. ಬಲೆಯ ಮೀನಿಗಿಂತ ಅದಕ್ಕೆ ರುಚಿ ಕಡಿಮೆಯಂತೆ. ನಾನು ಜಿನಮತದವನು, ಆ ರುಚಿಯನ್ನು ಅರಿಯೆ.

ಆ ಸೀಳು ಬಿದ್ದ ಮೇಲೆ ಊರಿನ ಹಿರಿಯರು ಕೂತು ದಂಡಯಾನ ವಿಧಿಯನ್ನು ಬರೆದರು. ಪರತೀರದವರು ತಾವಾಗಿ ಕರೆದ ಹೊರತು ದಂಡು ಹೋಗಕೂಡದು. ಸಾಮಾನ್ಯರ ದೋಣಿಗಳಿಂದ ಆಗುವ ಕೆಲಸಕ್ಕೆ ದಂಡಿನ ಹಡಗು ಏಳಕೂಡದು. ಹೋದವರು ಆಯುಧ ಮುಟ್ಟಕೂಡದು, ಕರೆದವರ ಅಪ್ಪಣೆ ಮೀರಕೂಡದು. ಬದುಕಿರುವವರನ್ನು ಉಳಿಸುವ ಕೆಲಸ ಮುಗಿದ ದಿನ ಹೊತ್ತು ಮುಳುಗುವುದರೊಳಗೆ ಎಲ್ಲರೂ ಹಡಗು ಹತ್ತಿರಬೇಕು. ಕರೆ ನಿಜವಾಗಿ ಕರೆಯೇ ಎಂಬುದನ್ನು ನಿರ್ಣಯಿಸಲು ಶಬ್ದಶಾಸ್ತ್ರ ಬಲ್ಲವನೊಬ್ಬನನ್ನು ನೇಮಿಸಬೇಕು. ಆ ಸ್ಥಾನಕ್ಕೆ ಆಹ್ವಾನ ಪರೀಕ್ಷಕನೆಂದು ಹೆಸರು. ಅದರಲ್ಲಿ ನಾನು ಇಪ್ಪತ್ತಾರು ವರ್ಷ ಕೂತಿದ್ದೆ.

ನನ್ನ ನಿರ್ಣಯಗಳ ಬಗ್ಗೆ ನನಗೆ ಹೆಮ್ಮೆಯಿತ್ತೆಂಬುದನ್ನು ಮುಚ್ಚಿಡಲಾರೆ. ಅಡುಗೆಯವನ ಚಾಕು ಆಯುಧವೇ ಎಂಬ ಪ್ರಶ್ನೆ ಬಂದಾಗ ಗೇಣಿಗಿಂತ ಉದ್ದವಿರುವುದೆಲ್ಲ ಆಯುಧವೆಂದು ನಾಲ್ಕು ಪುಟದ ನಿರ್ಣಯ ಬರೆದವನು ನಾನು. ಅಂದಿನಿಂದ ಪರತೀರಕ್ಕೆ ಹೋಗುವ ಹಡಗುಗಳಲ್ಲಿ ಕುಂಬಳಕಾಯಿಯನ್ನು ನೆಲಕ್ಕೆ ಕುಕ್ಕಿ ಒಡೆಯುವುದು ರೂಢಿಯಾಯಿತು. ದಳವಾಯಿ ಕೋಟಿಯಪ್ಪ ನಾಯಕರು ಇದನ್ನು ಎಲ್ಲರೆದುರಿಗೆ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇಪ್ಪತ್ತಾರು ವರ್ಷಗಳಲ್ಲಿ ಹನ್ನೊಂದು ಸಲ ಹಡಗುಗಳು ಎದ್ದಿದ್ದವು, ಹನ್ನೊಂದು ಸಲವೂ ನೀರು ಮುಚ್ಚಿಕೊಂಡಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ, ನಾನು ಬಸದಿಯ ಪೂಜೆ ಮುಗಿಸಿ ಕಚೇರಿಗೆ ಬಂದಾಗ, ನಾಯಕರು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ತಂತಿ. ಪಡುವಣ ದ್ವೀಪದಿಂದ ಬಂದದ್ದು. ಉಗಿಹಡಗಿಗೆ ಮೂರು ಗಂಟೆಯ ಹಾದಿ. ಹಾಯಿದೋಣಿಗೆ ಗಾಳಿ ಒಪ್ಪಿದರೆ ಒಂದು ದಿನ. ಭೂಮಿ ನಡುಗಿದ್ದು ನಮಗೂ ಗೊತ್ತಾಗಿತ್ತು. ಹಿಂದಿನ ದಿನ ಬಸದಿಯ ಗಂಟೆಗಳು ಯಾರೂ ಎಳೆಯದೆ ಒಮ್ಮೆ ಸದ್ದು ಮಾಡಿದ್ದವು. ತಂತಿಯಲ್ಲಿ ಇದ್ದುದಿಷ್ಟು: "ಗುಡ್ಡ ಕುಸಿದಿದೆ. ಉಗ್ರಾಣದೊಳಗೆ ಮೂವತ್ತೊಂದು ಜನ ಜೀವಂತ. ಕಲ್ಲೆತ್ತುವ ಶಕ್ತಿ ನಮ್ಮಲ್ಲಿಲ್ಲ. ತಮ್ಮ ದಂಡಿನವರು ಬಂದಾರು."

"ಹಡಗಿನ ಒಲೆಗೆ ಬೆಂಕಿ ಹಾಕಿಸಿದ್ದೇನೆ, ಪಂಡಿತರೇ," ಎಂದರು ನಾಯಕರು. "ರಾಟೆ, ಸರಪಳಿ, ಇಬ್ಬರು ವೈದ್ಯರು ಎಲ್ಲ ಹಡಗಿನಲ್ಲಿದ್ದಾರೆ. ತುಪಾಕಿ ಕೋಟೆಯಲ್ಲಿ ಇಟ್ಟು ಬೀಗ ಜಡಿದಾಯ್ತು. ಚಾಕು ಎಲ್ಲಾ ನೀವೇ ಅಳೆದು ಕೊಟ್ಟಿದ್ದು. ನೀವು ಆ ಕ್ರಿಯಾಪದ ಒಂದು ಎತ್ತಿಕೊಟ್ಟರೆ ನಾವು ಲಂಗರು ಎತ್ತುತ್ತೇವೆ."

ನಾನು ಕೂತು ಓದಿದೆ. ಆಪತ್ತು ಸ್ಪಷ್ಟ. ಸಾಮಾನ್ಯರಿಂದ ಆಗದ ಕೆಲಸವೆಂಬುದೂ ಸ್ಪಷ್ಟ. ಆದರೆ ಕೊನೆಯ ಪದದ ಮೇಲೆ ನನ್ನ ಬೆರಳು ನಿಂತಿತು. ಬನ್ನಿ ಎಂದಿಲ್ಲ. ಬರಬೇಕು ಎಂದಿಲ್ಲ. ಬರಲಿ ಎಂದೂ ಇಲ್ಲ. ಬಂದಾರು ಎಂದಿದೆ. ಅದು ಸಂಭಾವನೆಯ ರೂಪ. ಮಳೆ ಬಂದೀತು ಎಂಬಲ್ಲಿ ಮಳೆಯನ್ನು ಯಾರೂ ಕರೆಯುವುದಿಲ್ಲ, ಬರಬಹುದೆಂದು ಊಹಿಸುತ್ತಾರೆ. ಕಳ್ಳರು ಬಂದಾರು ಎಂಬಲ್ಲಿ ಅಂಜುತ್ತಾರೆ. ಆ ದ್ವೀಪದವರ ಅಜ್ಜಂದಿರೂ ನಮ್ಮ ದಂಡನ್ನು ದೂರದಿಂದ ಕಂಡವರು. ಕಷ್ಟದಲ್ಲಿರುವ ತಮ್ಮ ಮೇಲೆ ನಮ್ಮ ದಂಡು ಬಂದೀತೆಂಬ ಅಂಜಿಕೆಯನ್ನೇ ಅವರು ತಿಳಿಸಿದ್ದರೆ? ಹಡಗುಗಳು ಎದ್ದು, ನೀರು ಮುಚ್ಚಿಕೊಳ್ಳದಿದ್ದರೆ, ಬಂದರಿನ ಬಾಯಿಗೇ ಅಡ್ಡಲಾಗಿ ಎರಡನೆಯ ಸೀಳು ಬೀಳುತ್ತಿತ್ತು. ಎಂಟುನೂರು ಬೆಸ್ತರ ಮನೆಗಳಿಗೆ ಕಡಲೇ ಇಲ್ಲದಂತಾಗುತ್ತಿತ್ತು.

"ಇದು ಕರೆಯಲ್ಲ," ಎಂದೆ.

ನಾಯಕರು ನನ್ನ ಮುಖವನ್ನೇ ನೋಡಿದರು. "ಸತ್ತುಹೋಗ್ತಾ ಇರೋರು ವ್ಯಾಕರಣ ನೋಡಿ ತಂತಿ ಹೊಡೀತಾರಾ ಪಂಡಿತರೇ?"

"ತಂತಿ ಹೊಡೆದವರು ಹೊರಗಿರುವವರು, ನಾಯಕರೇ. ಅವರಿಗೆ ಬನ್ನಿ ಎನ್ನಲು ಬರುತ್ತದೆ. ಎನ್ನಲಿಲ್ಲ. ಸ್ಪಷ್ಟೀಕರಣ ಕೇಳೋಣ."

ಕೇಳಲು ತಂತಿ ಉಳಿದಿರಲಿಲ್ಲ. ಆ ಒಂದು ತಂತಿ ಬಂದ ಮೇಲೆ ಕಂಬಗಳು ಆಚೆ ದಡದಲ್ಲಿ ಬಿದ್ದುಹೋಗಿ ಯಂತ್ರ ಮೂಕವಾಗಿತ್ತು. ನಾನೇ ಪತ್ರ ಬರೆದೆ: ತಾವು ನಮ್ಮ ದಂಡನ್ನು ಕರೆದಿರುವಿರೋ ಇಲ್ಲವೋ, ವಿಧ್ಯರ್ಥಕ ರೂಪದಲ್ಲಿ ತಿಳಿಸತಕ್ಕದ್ದು. ಬೆಸ್ತರ ಹಾಯಿದೋಣಿಯೊಂದು ಅದನ್ನು ಹೊತ್ತು ಪಶ್ಚಿಮಕ್ಕೆ ಹೊರಟಿತು. ನನ್ನ ಅಕ್ಷರ ಅಂದು ಬಹಳ ಚೆನ್ನಾಗಿ ಬಂದಿತ್ತೆಂದು ನೆನಪು.

ಮಧ್ಯಾಹ್ನದ ಹೊತ್ತಿಗೆ ಪೂವಕ್ಕ ಬಂದಳು. ದಂಡಿನ ಹಡಗುಗಳಿಗೆ ಹಗ್ಗ ಹೊಸೆಯುವವಳು. ಮೂವತ್ತು ವರ್ಷಗಳ ಹಿಂದೆ ಪಡುವಣ ದ್ವೀಪದಿಂದ ನಮ್ಮ ಊರಿಗೆ ಸೊಸೆಯಾಗಿ ಬಂದವಳು. ಅವಳ ತಮ್ಮ ದೂಮಣ್ಣ ಆ ಉಗ್ರಾಣದ ಕಾವಲುಗಾರ. ಅವಳ ಕೈಗೆ ನಾರು ಅಂಟಿಕೊಂಡಿತ್ತು. ಹೊಸ್ತಿಲ ಹೊರಗೇ ನಿಂತಳು.

"ಅಯ್ನೋರೇ, ಕರೆ ಅಲ್ಲ ಅಂದ್ರಂತೆ."

"ಹೌದು, ಪೂವಕ್ಕ. ಬಂದಾರು ಎಂದಿದೆ."

"ಅದೇ ಕರೆ, ಅಯ್ನೋರೇ. ನಮ್ ಕಡೆ ಬಾ, ಬನ್ನಿ ಅನ್ನೋದು ನಾಯಿಗೆ, ಮಕ್ಕಳಿಗೆ. ದೊಡ್ಡೋರ ಕಾಲಿಗೆ ನಾವು ಅಪ್ಪಣೆ ಕೊಡ್ತೀವಾ? ಬಂದಾರು ಅಂತೀವಿ. ಬರೋದು ಬಿಡೋದು ಅವರ ದೊಡ್ಡತನಕ್ಕೆ ಬಿಟ್ಟು."

ನಾನು ಅವಳನ್ನು ಕೂರಲು ಹೇಳಿದೆ. ಕೂರಲಿಲ್ಲ. ಅಂಥ ಪ್ರಯೋಗ ಎಲ್ಲಾದರೂ ಬರಹದಲ್ಲಿ ಉಂಟೇ, ಶಾಸನದಲ್ಲಿ, ಕಾವ್ಯದಲ್ಲಿ, ಹಳೆಯ ಓಲೆಯಲ್ಲಿ, ಎಂದು ಕೇಳಿದೆ.

"ನಾನು ಓದಿದೋಳಲ್ಲ. ಆಡಿದ್ದು ಗೊತ್ತು."

"ಆಡಿದ್ದಕ್ಕೆ ಸಾಕ್ಷಿ ಬೇಕು. ನೀನು ಸಾಕ್ಷಿಯಾಗಲಾರೆ. ನಿನ್ನ ತಮ್ಮನೇ ಒಳಗಿದ್ದಾನೆ."

"ಒಳಗಿರೋದಕ್ಕೇ ಬಂದಿರೋದು. ಇಲ್ದಿದ್ರೆ ನಿಮ್ ಕಚೇರಿಲಿ ನನಗೇನು ಕೆಲಸ?" ಅವಳು ಕೈಯ ನಾರನ್ನು ಬಿಡಿಸಿಕೊಂಡಳು. ಆಮೇಲೆ ಹೇಳಿದಳು: "ನಿಮಗೇ ಒಂದ್ಸಲ ಹಂಗೆ ಹೇಳಿದ್ದೆ. ನನ್ ಮಗಳ ತೊಟ್ಟಿಲಿಗೆ. ಬಸದಿ ಮುಂದೆ ಕೈ ಮುಗಿದು, ನಾಳೆ ತೊಟ್ಟಿಲಿಗೆ ಹಾಕ್ತೀವಿ, ಅಯ್ನೋರು ಬಂದಾರು ಅಂದೆ. ನೀವು ಹೂಂ ಅಂದು ಹೋದ್ರಿ. ಬರಲಿಲ್ಲ. ದಾರಿ ನೋಡಿ ನೋಡಿ ಕೊನೆಗೆ, ಇಂಥಾ ಮನೆಗೆ ದೊಡ್ಡೋರು ಯಾಕೆ ಬಂದಾರು ಅಂತ ಮಗೂನ ತೂಗಿದ್ವಿ."

ನನಗೆ ಆ ದಿನ ನೆನಪಾಯಿತು. ಯಾರೋ ಬರಬಹುದೆಂದು ಅವಳು ವರದಿ ಹೇಳುತ್ತಿದ್ದಾಳೆಂದು ಭಾವಿಸಿ ತಲೆಯಾಡಿಸಿದ್ದೆ. ಆಗಲಾದರೂ ನನಗೆ ನಾಚಿಕೆಯಾಗಬೇಕಿತ್ತು. ಅದರ ಬದಲು ಬೇರೊಂದು ಸಂಗತಿ ನನ್ನ ಕಿವಿಗೆ ಸಿಕ್ಕಿತು. ಇಷ್ಟು ವರ್ಷದ ಅಭ್ಯಾಸ ಕಿವಿಯನ್ನು ಹಾಗೆ ಮಾಡಿಬಿಟ್ಟಿತ್ತು.

"ನೋಡಿದೆಯಾ," ಎಂದೆ. "ಯಾಕೆ ಬಂದಾರು ಎಂದೆಯಲ್ಲ, ಅಲ್ಲಿ ಅದು ಸಂಶಯಾರ್ಥ. ನಿನ್ನ ಬಾಯಲ್ಲೇ ಎರಡು ಅರ್ಥ ಉಂಟು. ಎರಡರ್ಥವಿರುವ ಮಾತನ್ನು ನಂಬಿ ದಂಡನ್ನು ಕಳಿಸಲಾಗದು."

ಅವಳು ನನ್ನನ್ನು ನೋಡಿದ ಬಗೆಯನ್ನು ನಾನು ಅಂದು ಅರಿವುಗೇಡಿತನವೆಂದುಕೊಂಡೆ. "ನಾನೊಂದು ಮಾತು ಜಾಸ್ತಿ ಆಡಿಬಿಟ್ಟೆ ಅಲ್ವಾ, ಅಯ್ನೋರೇ," ಎಂದಳು. ಹೋಗಿ ಕಚೇರಿಯ ಎದುರಿನ ಹುಣಸೆಮರದಡಿಯಲ್ಲಿ ಕೂತು ಹಗ್ಗ ಹೊಸೆಯತೊಡಗಿದಳು. ಕಲ್ಲೆತ್ತುವುದಕ್ಕೆ ಬೇಕಾಗುತ್ತದೆ, ಯಾವಾಗ ಎದ್ದರೂ ಬೇಕಾಗುತ್ತದೆ ಎಂದು ಕಾವಲುಗಾರನಿಗೆ ಹೇಳಿದಳಂತೆ.

ಎರಡನೆಯ ದಿನ ದೋಣಿ ಮರಳಬೇಕಿತ್ತು, ಮರಳಲಿಲ್ಲ. ಪಡುವಣ ಗಾಳಿ ಬಿದ್ದುಹೋಗಿತ್ತು. ನಾಯಕರು ಮೂರು ಸಲ ಬಂದರು. ಮೊದಲನೆಯ ಸಲ ವಾದಿಸಿದರು. ಎರಡನೆಯ ಸಲ, "ನಾನೇ ಅಪ್ಪಣೆಯಿಲ್ಲದೆ ಎದ್ದು ಹೋಗ್ತೇನೆ, ಸೀಳು ಬಿದ್ದರೆ ಅದಕ್ಕೆ ನನ್ನ ಹೆಸರಿಡಿ," ಎಂದರು. ಮೂರನೆಯ ಸಲ ಬಂದವರು ಮರದಡಿಯ ಹಗ್ಗದ ಸುರುಳಿಯನ್ನು ಕಿಟಕಿಯಿಂದ ನೋಡುತ್ತ ನಿಂತು ಹೋದರು. ಅವರು ಏಳಲಿಲ್ಲ. ವಿಧಿಯನ್ನು ಮೀರುವವರಲ್ಲ. ಅಂಥವರನ್ನು ಕಟ್ಟಿಹಾಕಿದ್ದಕ್ಕೆ ನಾನು ಇಂದಿಗೂ ನೋಯುತ್ತೇನೆ.

ಮೂರನೆಯ ಬೆಳಿಗ್ಗೆ ಬಸದಿಯಲ್ಲಿ ನನ್ನ ಪ್ರವಚನವಿತ್ತು. ಅನೇಕಾಂತದ ಪ್ರಕರಣ ನಡೆಯುತ್ತಿತ್ತು. ಸ್ಯಾತ್ ಎಂಬ ಪದವನ್ನು ವಿವರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ನಲವತ್ತು ವರ್ಷಗಳಿಂದ ಅದೇ ಮಾತುಗಳಲ್ಲಿ ವಿವರಿಸಿದ್ದೇನೆ. ರೂಪದಿಂದ ನೋಡಿದರೆ ಅದು ಸಂಭಾವನೆಯಂತೆ ಕಾಣುತ್ತದೆ, ಇದ್ದೀತು ಎಂದಂತೆ ಕೇಳುತ್ತದೆ. ಆದ್ದರಿಂದಲೇ ಪರಮತದವರು ನಮ್ಮನ್ನು ಸಂಶಯವಾದಿಗಳೆಂದು ಹಾಸ್ಯಮಾಡುತ್ತಾರೆ. ಆದರೆ ಅಲ್ಲಿ ಸಂಶಯವಿಲ್ಲ, ಅದು ವಿನಯದಿಂದ ನುಡಿದ ನಿಶ್ಚಯ. ರೂಪವನ್ನು ಹಿಡಿದು ಅರ್ಥವನ್ನು ಗೊತ್ತುಮಾಡುವವನು ಅವಿವೇಕಿ, ನುಡಿದವನು ಯಾರು, ಯಾರ ಮುಂದೆ ನುಡಿದ ಎಂಬುದನ್ನು ವಿಚಾರಿಸಬೇಕು. ಇಷ್ಟನ್ನು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಚಂದಮ್ಮ, ಯಾವಾಗಲೂ ಏನಾದರೊಂದು ಕೇಳುವವಳು, "ಹಾಗಾದ್ರೆ ಪಂಡಿತರೇ, ಇದ್ದೀತು ಅಂದ್ರೂ ಇದೆ ಅಂತ್ಲೇ ಅರ್ಥ ಆಗ್ಬಹುದಾ?" ಎಂದಳು.

"ಆಗಬಹುದು," ಎಂದೆ.

ಪ್ರತಿಯನ್ನು ವ್ಯಾಸಪೀಠದ ಮೇಲೆ ತೆರೆದಂತೆಯೇ ಬಿಟ್ಟು ಎದ್ದೆ. ಶಾಸ್ತ್ರವನ್ನು ಹಾಗೆ ಬಿಟ್ಟು ಏಳುವುದು ದೋಷ. ಕಾಲಿಗೆ ಚಪ್ಪಲಿಯಿಲ್ಲದೆ ಬಂದರಿನ ತನಕ ಓಡಿದೆ. ಅರವತ್ತೇಳರ ವಯಸ್ಸಿನಲ್ಲಿ ಎಷ್ಟು ಓಡಬಹುದೋ ಅಷ್ಟು. ನಾಯಕರು ನನ್ನನ್ನು ದೂರದಿಂದ ಕಂಡವರೇ ಏನನ್ನೂ ಕೇಳದೆ ಕೈ ಎತ್ತಿದರು, ಕಹಳೆ ಕೂಗಿತು.

ಪರೀಕ್ಷಕನು ಮೊದಲ ಹಡಗಿನ ಹಿಂಬದಿಯಲ್ಲಿ, ನೀರಿಗೆ ಮುಖಮಾಡಿ ಕೂರಬೇಕೆಂಬುದು ವಿಧಿ. ಕೂತೆ. ಪೂವಕ್ಕ ಹಗ್ಗದ ಸುರುಳಿಗಳ ಜೊತೆ ಅದೇ ಹಡಗಿಗೆ ಹತ್ತಿದಳು, ಯಾರೂ ತಡೆಯಲಿಲ್ಲ. ಹಡಗು ಬಂದರಿನ ಬಾಯಿ ದಾಟಿತು. ದಡದಲ್ಲಿ ಬೆಸ್ತರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ನಮ್ಮ ಹಿಂದೆ ನೀರು ಬಿಳಿಯ ನೊರೆಯಾಗಿ ಎದ್ದಿತು, ಒಂದು ಕ್ಷಣ ಎರಡಾಗಿ ನಿಂತಂತೆ ತೋರಿತು, ಮತ್ತೆ ಎಲ್ಲ ಕಡೆಯಿಂದ ಬಂದು ಕೂಡಿಕೊಂಡಿತು. ದಡದಲ್ಲಿ ಕೇಕೆ ಎದ್ದಿತು. ಯಾರೋ ತಲೆಯ ವಸ್ತ್ರವನ್ನು ಮೇಲಕ್ಕೆ ಹಾರಿಸಿದರು. ಮೂರು ಗಂಟೆಯ ಕಾಲ ಆ ನೀರು ಮುಚ್ಚಿಕೊಳ್ಳುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ. ಇಂದು ಮುಚ್ಚಿಕೊಳ್ಳುವ ನೀರು ಮೊನ್ನೆಯೂ ಮುಚ್ಚಿಕೊಳ್ಳುತ್ತಿತ್ತು. ಕಡಲಿಗೆ ಆ ಮಾತು ಮೊದಲ ದಿನವೇ ಅರ್ಥವಾಗಿತ್ತು.

ಅರ್ಧ ದಾರಿಯಲ್ಲಿ ನಮ್ಮ ಹಾಯಿದೋಣಿ ಎದುರಾಯಿತು. ಹುಟ್ಟು ಹಾಕಿ ಹಾಕಿ ಬೆಸ್ತರ ಅಂಗೈ ಸುಲಿದುಹೋಗಿತ್ತು. ದ್ವೀಪದ ಹಿರಿಯರ ಉತ್ತರವನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರು. ಅದರಲ್ಲಿ ಹೀಗಿತ್ತು: "ತಮ್ಮ ಸಂದೇಹ ನಮಗೆ ತಿಳಿಯಲಿಲ್ಲ. ನಮ್ಮಿಂದ ಏನಾದರೂ ಮರ್ಯಾದೆ ತಪ್ಪಿದ್ದರೆ ತಾವು ಮನ್ನಿಸಿಯಾರು. ದಂಡಿನವರು ಬೇಗ ಬಂದಾರು." ಕಾಗದವನ್ನು ನಾಯಕರು ಓದಿ ನನಗೆ ಕೊಟ್ಟರು. ನಾನು ಓದಿ ಪೂವಕ್ಕನಿಗೆ ಓದಿ ಹೇಳಬೇಕೆಂದು ಎದ್ದೆ. ಅವಳ ಮುಖ ಕಂಡು ಮತ್ತೆ ಕೂತೆ.

ದ್ವೀಪದಲ್ಲಿ ಎಲ್ಲವೂ ವಿಧಿಯಂತೆ ನಡೆಯಿತು. ದಂಡಿನವರು ಬರಿಗೈಯಲ್ಲಿ ಇಳಿದು ಅಲ್ಲಿನ ಹಿರಿಯರಾದ ಮಾಬಣ್ಣನವರ ಎದುರು ಸಾಲಾಗಿ ನಿಂತರು. ಮಾಬಣ್ಣನವರು, ಕೃಶವಾದ ದೇಹದ ಮುದುಕರು, ಯಾವ ಕಲ್ಲನ್ನು ಮೊದಲು ಎತ್ತಬೇಕೆಂದು ಕೋಲಿನಿಂದ ತೋರಿಸಿದರು. ಅವರು ತೋರಿಸಿದ ಕಲ್ಲನ್ನಲ್ಲದೆ ನಮ್ಮವರು ಬೇರೊಂದನ್ನು ಮುಟ್ಟಲಿಲ್ಲ. ಪೂವಕ್ಕನ ಹಗ್ಗಗಳು ರಾಟೆಯಲ್ಲಿ ಬಿಗಿದು ನರಳಿದವು, ಒಂದೂ ಹರಿಯಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಉಗ್ರಾಣದ ಬಾಗಿಲು ತೆರೆಯಿತು. ಮೂವತ್ತೊಂದು ಜನರಲ್ಲಿ ಹತ್ತೊಂಬತ್ತು ಮಂದಿ ಬದುಕಿದ್ದರು.

ದೂಮಣ್ಣ ಅವರಲ್ಲಿ ಇರಲಿಲ್ಲ. ಎರಡು ದಿನ ಇದ್ದನಂತೆ. ಒಳಗಿದ್ದ ನೀರನ್ನು ಗಿಂಡಿಯಿಂದ ಅಳೆದು ಎಲ್ಲರಿಗೂ ಹಂಚಿದವನು ಅವನೇ. ತನ್ನ ಪಾಲನ್ನು ಮಕ್ಕಳಿಗೆ ಬಿಟ್ಟನಂತೆ. ಬದುಕಿ ಬಂದ ಹೆಂಗಸೊಬ್ಬಳು, ವೈದ್ಯರು ಬಾಯಿಗೆ ಹನಿಸಿದ ನೀರನ್ನು ನುಂಗುತ್ತ ಪೂವಕ್ಕನಿಗೆ ಹೇಳಿದಳು: "ನಿನ್ನೆ ಸಂಜೆ ತನಕ ಮಾತಾಡ್ತಾ ಇದ್ದ, ಅಕ್ಕ. ಆಚೆ ಊರಿನ ದಂಡಿಗೆ ಹೇಳಿ ಕಳಿಸಿದ್ದಾರೆ, ನಮ್ಮಕ್ಕನ ಊರು ಅದು, ಕರೆದ್ರೆ ಬಾರದೆ ಇರೋರಲ್ಲ ಅಂತಿದ್ದ. ಮಕ್ಕಳು ಅತ್ತಾಗೆಲ್ಲ ಅದನ್ನೇ ಹೇಳ್ತಿದ್ದ."

ಪೂವಕ್ಕ ಅಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವಳಿಂದ ಹತ್ತು ಹೆಜ್ಜೆ ಆಚೆಗೆ ನಿಂತಿದ್ದೆ.

ನಾಯಕರು ನನ್ನ ಬಳಿಗೆ ಬಂದರು. ವಿಧಿಯ ಪ್ರಕಾರ ಪರೀಕ್ಷಕನು ಸ್ಥಳದಲ್ಲಿಯೇ ಸಮಾಪ್ತಿಪತ್ರ ಬರೆಯಬೇಕು. ಅದರಲ್ಲಿ ವಿಳಂಬಕ್ಕೆ ಕಾರಣವೆಂಬ ಒಂದು ಕಲಮು ಉಂಟು. "ಗಾಳಿ ಬಿದ್ದುಹೋಗಿತ್ತು ಅಂತ ಬರೀರಿ, ಪಂಡಿತರೇ. ಸುಳ್ಳೇನಲ್ಲ," ಎಂದರು ನಾಯಕರು ಮೆಲ್ಲನೆ. "ಊರಿನ ಸಭೆಯೋರಿಗೆ ಅಷ್ಟೇ ಸಾಕು. ನೀರು ಮುಚ್ಚಿಕೊಂಡಿದೆ, ಅವರು ನಿಮಗೆ ಶಾಲು ಹೊದಿಸ್ತಾರೆ." ಅವರ ಮಾತು ಸುಳ್ಳಾಗಲಿಲ್ಲ, ಸಭೆ ಮುಂದೆ ಹಾಗೆಯೇ ಮಾಡಹೊರಟಿತು. ನಾನು ಬರೆದದ್ದು ಹೀಗೆ: ಪರೀಕ್ಷಕನಿಗೆ ಲೋಕದ ನುಡಿ ತಿಳಿಯದಿದ್ದುದರಿಂದ. ಲಕ್ಷಣಕ್ಕಿಂತ ಪ್ರಯೋಗ ಮೊದಲು, ಜನ ಆಡಿದ್ದನ್ನು ನೋಡಿ ವ್ಯಾಕರಣ ಹುಟ್ಟುತ್ತದೆ ಎಂದು ನನ್ನ ಗುರುಗಳು ಮೊದಲನೆಯ ಪಾಠದಲ್ಲಿ ಹೇಳಿದ್ದರು, ನಾನೂ ಎಷ್ಟೋ ಜನಕ್ಕೆ ಹೇಳಿದ್ದೆ. ಆಡಿದವಳು ಹೊಸ್ತಿಲಲ್ಲಿ ಬಂದು ನಿಂತಾಗ ಅವಳಿಂದ ಬರಹವನ್ನು ಕೇಳಿದೆ. ದಿನವೂ ಸಂಜೆ ಪ್ರತಿಕ್ರಮಣಕ್ಕೆ ಕೂತು, ಅರಿತೋ ಅರಿಯದೆಯೋ ನೋಯಿಸಿದ ಜೀವಿಗಳ ಕ್ಷಮೆಯನ್ನು ಬೇಡುವವನು ನಾನು. ಒಂದಿಂದ್ರಿಯದ ಜೀವಿಗಳಿಂದ ತೊಡಗಿ ಹೆಸರಿಸುತ್ತ ಹೋಗುತ್ತೇನೆ. ಇಂದಿಗೂ ಐದಿಂದ್ರಿಯದ ಜೀವಿಗಳಿಗೆ ಬಂದಾಗ ಹನ್ನೆರಡು ಹೆಸರುಗಳನ್ನು ಹೇಳುತ್ತೇನೆ. ಕ್ಷಮೆ ದೊರಕಿತೆಂಬ ಭಾವನೆ ಒಮ್ಮೆಯೂ ಬಂದಿಲ್ಲ.

ಹೊತ್ತು ಇಳಿಯುತ್ತಿತ್ತು. ಬದುಕಿರುವವರನ್ನು ಉಳಿಸುವ ಕೆಲಸ ಮುಗಿದಿದ್ದರಿಂದ ದಂಡಿನವರು ವಿಧಿಯಂತೆ ಹಡಗಿಗೆ ಹಿಂದಿರುಗತೊಡಗಿದರು. ಸತ್ತವರು ಆ ನೆಲದವರಿಗೆ ಸೇರಿದವರು. ಶವಗಳಿಗೆ ಕೈಹಾಕಲು ನಮ್ಮವರಿಗೆ ಅಧಿಕಾರವಿಲ್ಲ. ಅದನ್ನೂ ಹಿಂದೊಮ್ಮೆ ನಾನೇ ನಿರ್ಣಯಿಸಿದ್ದೆ. ದ್ವೀಪದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಗಾಯಗೊಂಡಿದ್ದರು, ಉಳಿದವರು ಒಂದೊಂದು ಮನೆಯ ಚಟ್ಟಕ್ಕೆ ಹಂಚಿಹೋಗಿದ್ದರು. ದೂಮಣ್ಣನ ಚಟ್ಟಕ್ಕೆ ಮೂವರು ದೊರೆತಿದ್ದರು: ಮಾಬಣ್ಣನವರು, ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ಗಾಣಿಗ, ಮತ್ತು ಪೂವಕ್ಕ. ನಾಲ್ಕನೆಯ ಮೂಲೆ ನೆಲಕ್ಕೆ ತಾಗಿಕೊಂಡಿತ್ತು. ಮಾಬಣ್ಣನವರು ನನ್ನ ಕಡೆ ನೋಡಿ, ನನ್ನ ವಯಸ್ಸನ್ನೂ ಹೆಗಲ ಮೇಲಿನ ಮಡಿವಸ್ತ್ರವನ್ನೂ ನೋಡಿ, ಕೈ ಜೋಡಿಸಿ ಏನನ್ನೋ ಹೇಳಲು ಬಾಯಿ ತೆರೆದರು. ಅವರು ಯಾವ ರೂಪದಲ್ಲಿ ಹೇಳುತ್ತಿದ್ದರೆಂಬುದು ನನಗೆ ಗೊತ್ತಿತ್ತು.

ಪೂವಕ್ಕ ಅವರನ್ನು ತಡೆದಳು. "ನೀವು ಸುಮ್ಮನಿರಿ ಮಾವ. ಇವರಿಗೆ ಅದು ತಿಳಿಯೋದಿಲ್ಲ." ಆಮೇಲೆ ನನ್ನ ಮುಖವನ್ನೇ ನೋಡಿ, ನನ್ನ ತಂದೆತಾಯಿಗಳು ತೀರಿಕೊಂಡ ಮೇಲೆ ಯಾರೂ ನನ್ನೊಡನೆ ಆಡದಿದ್ದ ಏಕವಚನದಲ್ಲಿ ಹೇಳಿದಳು:

"ಬಾ. ಇಲ್ಲಿ ಹೆಗಲು ಕೊಡು."

ನಾನು ಹೋಗಿ ಹೆಗಲು ಕೊಟ್ಟೆ.